ಕೊಟ್ಟಿಗೆ ಮರದ ಬೆಂಚು

ಬೆಂಚು ಮಾಡೋದೇನು ಮಹಾ ವಿದ್ಯೆ ಅಲ್ಲ. ಮೇಲೊಂದು ಹಲಗೆ, ಕೆಳಗೆ ಎರಡು ಕಾಲು. ಕೂತರೆ ಅಲ್ಲಾಡಬಾರದು, ಅಷ್ಟೇ. ಇಷ್ಟು ಮಾಡಿಕೊಡಿ ಮಾರಾಯ್ರೇ ಅಂತ ಶಿರಾಳಕೊಪ್ಪದ ಆಚಾರ್ರೊಬ್ಬರಿಗೆ ಮಳೆಗಾಲ ಮುಗಿದಾಗಿನಿಂದ ದುಂಬಾಲು ಬಿದ್ದಿದ್ದೆ. "ನಾಳೆ ಬೆಳಗ್ಗೆ ಬಂದೇ ಬಿಟ್ಟೆ ಅಂತ ತಿಳ್ಕಳ್ರೀ ಅಕ್ಕಾರೆ" ಅನ್ನೋರು. ಆ ಬೆಳಗ್ಗೆ ಆಗಲೇ ಇಲ್ಲ. ಕೊನೆಕೊನೆಗೆ ಸಂತೆಯಲ್ಲಿ ನನ್ನ ಕಂಡರೆ ಈರುಳ್ಳಿ ಮೂಟೆಗಳ ಹಿಂದೆ ಸರಿದು ನಿಲ್ಲೋಕೆ ಶುರು ಮಾಡಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ನಿಮ್ಮ ಬೆಂಚೂ ಬೇಡ, ನೀವೂ ಬೇಡ. ನಾನೇ ಮಾಡ್ಕೋತೀನಿ ಹೋಗ್ರೀ" ಅಂತ ಸಂತೆಯ ನಡುವೆ ಕೂಗಿ ಹೇಳಿ ಬಂದೆ. ಅಷ್ಟು ಜನರ ಮುಂದೆ ಹೇಳಿದ ಮೇಲೆ ಮಾಡದೆ ಇರೋಕಾಗುತ್ತಾ?

ಬೆಂಚು ಬೇಕಾಗಿದ್ದು ಶೋಕಿಗಲ್ಲ. ನನಗೆ ಮಂಡಿ ನೋವು. ಸಂಜೆ ಜಗಲಿಯಲ್ಲಿ ನೆಲಕ್ಕೆ ಕೂತರೆ ಏಳುವಾಗ ಗೋಡೆ ಹಿಡಿದು ಎಲ್ಲ ದೇವರನ್ನೂ ಕರೀಬೇಕು. ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದೆ, ಅದು ಒಂದಿನ ನನ್ನನ್ನು ಹೊತ್ತುಕೊಂಡೇ ಕಾಲು ಚಾಚಿ ಮಲಗಿತು. ನಮ್ಮನೆಯವರು ನಗು ತಡೆಯೋಕೆ ಒಳಗೆ ಹೋಗಿ ನೀರು ಕುಡಿದು ಬಂದರು. ಅವತ್ತೇ ತೀರ್ಮಾನ ಮಾಡಿದ್ದೆ, ಕೂತರೆ ಮರದ ಮೇಲೇ ಕೂರೋದು ಅಂತ. ನಾನು ಬಹಳ ವರ್ಷ ಬಟ್ಟೆ ಹೊಲಿದವಳು. ಬಟ್ಟೆಯಾದರೇನು ಮರವಾದರೇನು, ಅಳತೆ ಹಿಡಿದು ಗೆರೆ ಎಳೆದು ಕತ್ತರಿಸೋದೇ ತಾನೇ ಅನ್ನೋ ಧೈರ್ಯ. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿಕೊಂಡೆ. ಯಾವುದೋ ಊರಿನ ಹುಡುಗಿಯೊಬ್ಬಳು ಬಳೆ ತೊಟ್ಟುಕೊಂಡೇ ಗರಗಸ ಹಾಕ್ತಿದ್ದಳು. ಅವಳಿಗಾದರೆ ನನಗಾಗಲ್ವಾ ಅನ್ನಿಸಿತು.

ಮರ ಮಾತ್ರ ತವರಿಂದಲೇ ಬರಬೇಕು ಅಂತ ನನ್ನ ಹಟ. ನನ್ನ ತವರು ಹೊಸಬಾಳೆ, ಸೊರಬದ ಕಡೆ. ಬಸ್ಸು ಹತ್ತಿದರೆ ಒಂದು ಕೋಳಿನಿದ್ದೆ ತೆಗೆಯುವಷ್ಟು ದೂರ. ಅಲ್ಲಿ ನಮ್ಮಣ್ಣ ಅತ್ತಿಗೆ ಇದ್ದಾರೆ. ಅಪ್ಪ ಹೋಗಿ ಕಾಲವಾಯಿತು. ಅವ್ವ ಹೋಗಿದ್ದು ಈಚೆಗೆ.

ಆ ಮನೆಯ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ಮನೆಯೇನಲ್ಲ, ರಸ್ತೆ ಬದಿಯ ಹಂಚಿನ ಮನೆ, ಎರಡು ಅಂಕಣ. ಆದರೆ ಬಾಗಿಲು ಮಾತ್ರ ಭಾರಿ. ಅದಕ್ಕೆ ತಕ್ಕ ಹೊಸ್ತಿಲು, ಗೇಣು ಮೀರಿದ ಅಗಲ. ಅವ್ವ ದಿನಾ ಬೆಳಗ್ಗೆ ಒಲೆ ಹಚ್ಚುವ ಮುಂಚೆ ಆ ಹೊಸ್ತಿಲು ಒರೆಸಿ, ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡೂ ತುದಿಗೆ ಹೂವಿಡುತ್ತಿದ್ದಳು. ದೀಪಾವಳಿಗೆ ಹಳದಿ ಬಣ್ಣ ಹೊಡೆದು ಅದರ ಮೇಲೆ ಕೆಂಪು ಚುಕ್ಕಿ. ನಾನು ಚಿಕ್ಕವಳಿದ್ದಾಗ ಹೊರಗೆ ಗಾಳಿ, ಒಳಗೆ ಹೊಗೆ ಅಂತ ನಡುವೆ ಹೊಸ್ತಿಲ ಮೇಲೆ ಹೋಗಿ ಕೂರ್ತಿದ್ದೆ. ಒಳಗಿಂದ ಅವ್ವನ ಗಂಟಲು: "ಏಳೇ ಮೇಲೆ! ಹೊಸ್ತಿಲೇನು ನಿಮ್ಮಪ್ಪ ಮಾಡಿಸಿಟ್ಟ ಮಂಚಾನಾ?" ಎದ್ದ ಹಾಗೆ ಮಾಡಿ, ಅವಳು ಅತ್ತ ತಿರುಗಿದ ಕೂಡಲೇ ಮತ್ತೆ ಕೂರ್ತಿದ್ದೆ. ಒಂದು ಸಲ ಅಣ್ಣ ಶಾಲೆಯ ಹತ್ತಿರದ ಮರದಿಂದ ಕಾಡುಬಾದಾಮಿ ಕಾಯಿ ಆಯ್ದು ತಂದ. ಇಬ್ಬರೂ ಸೇರಿ ಹೊಸ್ತಿಲ ಮೇಲಿಟ್ಟು ಕಲ್ಲಿನಿಂದ ಜಜ್ಜಿದೆವು. ಮರ ಜಜ್ಜಿ ಹೆಬ್ಬೆರಳು ಕೂರುವಷ್ಟು ತಗ್ಗಾಯಿತು. ಅವತ್ತು ಇಬ್ಬರಿಗೂ ಬೆನ್ನ ಮೇಲೆ ಬಿತ್ತು. ಆಮೇಲೆ ಅವ್ವ ಅರಿಶಿನ ಬಳಿಯುವಾಗೆಲ್ಲ ಆ ತಗ್ಗಿಗೆ ಚೂರು ಜಾಸ್ತಿ ತುಂಬ್ತಿದ್ದಳು, ಬೈದುಕೊಂಡೇ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಪ್ರತಿ ಸಲ ತವರಿಗೆ ಹೋಗಿ ಹೊರಡುವಾಗ ಆ ಹೊಸ್ತಿಲ ಒಳಗೆ ನನ್ನನ್ನು ನಿಲ್ಲಿಸಿ ಅವ್ವ ಉಡಿ ತುಂಬ್ತಿದ್ದಳು. ಅಕ್ಕಿ, ಕಾಯಿ, ಬಾಳೆಹಣ್ಣು, ಒಂದು ರವಿಕೆ ಕಣ. ಸೆರಗು ಹಿಡಿದುಕೊಂಡು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿ ಬರ್ತಿದ್ದೆ. ಹೆಣ್ಣುಮಕ್ಕಳಿಗೆ ತವರು ಅಂದರೆ ಜಮೀನಲ್ಲ, ಒಡವೆಯಲ್ಲ, ಅದು ನಿಮಗೆ ಗೊತ್ತಿರುತ್ತೆ. ನನಗಂತೂ ಆ ಮರದ ತುಂಡೇ ತವರು.

ಅವ್ವನ ವರ್ಷದ ಕಾರ್ಯ ಮುಗಿದ ದಿನ ಊಟ ಆದ ಮೇಲೆ ಅಣ್ಣ ಮಾತು ತೆಗೆದಿದ್ದ. ಗೋಡೆ ಬಿರುಕು ಬಿಟ್ಟಿದೆ, ಗೆದ್ದಲು ತಿಂದು ಹಾಕಿದೆ, ಬಿಚ್ಚಿ ಹೊಸದಾಗಿ ಕಟ್ಟಬೇಕು ಅಂತ. ನಾನು ಅಡ್ಡ ಮಾತಾಡಲಿಲ್ಲ. "ಕಟ್ಟು ಅಣ್ಣಾ. ನೀವು ಬಾಳೋ ಮನೆ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಬಿಚ್ಚೋ ದಿವಸ ನನ್ನ ಕರಿ. ಹೊಸ್ತಿಲಿಗೆ ಒಂದು ಸಲ ಪೂಜೆ ಮಾಡ್ತೀನಿ. ಅತ್ತಿಗೆ ಕೈಲಿ ಅಲ್ಲೇ ನಿಂತು ಉಡಿ ತುಂಬಿಸ್ಕೋತೀನಿ. ಆಮೇಲೆ ಏನಾದ್ರೂ ಮಾಡು" ಅಂದೆ. ನಾನು ಕೇಳಿದ್ದು ಅದೊಂದೇ. ಅಣ್ಣ ನನ್ನ ಕೈ ಹಿಡಿದು, "ನಿನ್ನ ಕರೀದೆ ಒಂದು ಹಂಚೂ ಇಳಿಸಲ್ಲ ತಂಗೀ, ಅವ್ವನಾಣೆ" ಅಂದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ನಾನೇ ಸೆರಗಿನಲ್ಲಿ ಒರೆಸಿದೆ.

ಆಮೇಲೆ ಮನೆ ವಿಷಯ ಎತ್ತಿದಾಗೆಲ್ಲ ಅವನು "ನೋಡೋಣ, ಇನ್ನೂ ಟೈಮಿದೆ" ಅಂತಿದ್ದ. ಸರಿ, ಅವನ ಅನುಕೂಲ ಅಂತ ಸುಮ್ಮನಾದೆ. ನಡುವೆ ಒಂದಿನ ನಮ್ಮನೆಯವರು ಸೊರಬಕ್ಕೆ ಹೋಗಿದ್ದರು. ಇವರು ಸೊಸೈಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಜೊತೆಗೆ ಕೆಲಸ ಮಾಡಿದವರೊಬ್ಬರಿಗೆ ಮೈ ಹುಷಾರಿಲ್ಲ, ನೋಡಿಕೊಂಡು ಬರ್ತೀನಿ ಅಂದರು. ಸಂಜೆ ಬರುವಾಗ ಬಾಳೆಲೆಯಲ್ಲಿ ಸುತ್ತಿದ ಸಜ್ಜಿಗೆ ತಂದರು. ದಾರೀಲಿ ಯಾವುದೋ ದೇವಸ್ಥಾನದ ಪ್ರಸಾದ ಅಂದರು. ತುಪ್ಪ ಚೆನ್ನಾಗಿ ಹಾಕಿದ್ದರು. ನಾನು ಕಣ್ಣಿಗೊತ್ತಿಕೊಂಡು ತಿಂದೆ, ಪಕ್ಕದ ಮನೆಯವರಿಗೂ ಕೊಟ್ಟೆ.

ಇಷ್ಟಾದ ಮೇಲೆ ಬೆಂಚಿನ ಹಟ ಬಂದಿದ್ದು. ಅಣ್ಣನಿಗೆ ಫೋನ್ ಮಾಡಿ, "ಒಂದು ಮರದ ತುಂಡು ಇದ್ರೆ ಕೊಡೋ, ಬೆಂಚು ಮಾಡ್ತೀನಿ" ಅಂದೆ. ಸಿಗ್ನಲ್ ಹೋಯ್ತೇನೋ ಅಂತ "ಹಲೋ ಹಲೋ" ಅಂದೆ.

"ಇದೆ ತಂಗೀ. ಕೊಟ್ಟಿಗೆ ಬಿಚ್ಚಿದೀನಿ. ಅದರ ಮರ ಬಿದ್ದಿದೆ. ಭಾವನ್ನ ಕಳಿಸು, ಒಂದು ಒಳ್ಳೇ ತುಂಡು ಹಾಕಿ ಕಳಿಸ್ತೀನಿ."

"ಕೊಟ್ಟಿಗೆ ಬಿಚ್ಚಿದ್ಯಾ? ಯಾಕೋ?"

"ದನಾನೇ ಇಲ್ವಲ್ಲ ಮಾರಾಯ್ತಿ. ಖಾಲಿ ಕೊಟ್ಟಿಗೇಲಿ ನಾನು ಹೋಗಿ ಕಟ್ಟಿಸ್ಕೊಳ್ಳೋದಾ?"

ಇಬ್ಬರೂ ನಕ್ಕೆವು. ನನಗೆ ಆ ನಗು ಈಗಲೂ ಕಿವಿಯಲ್ಲಿದೆ.

ಎರಡು ದಿನ ಬಿಟ್ಟು ನಮ್ಮನೆಯವರು ಗೂಡ್ಸ್ ಆಟೋದಲ್ಲಿ ಮರ ತಂದು ಇಳಿಸಿದರು. ಒಂದೇ ತೊಲೆ, ನನಗಿಂತ ಉದ್ದ. ಒಂದು ಮುಖಕ್ಕೆ ಸಿಮೆಂಟು ಮೆತ್ತಿ ಕಲ್ಲಾಗಿತ್ತು. "ಇದೇನ್ರೀ ಸಿಮೆಂಟು?" ಅಂದೆ. ಕೊಟ್ಟಿಗೆ ಜಾಗದಲ್ಲಿ ಏನೋ ಕಟ್ಟೆ ಕಟ್ಟಿಸ್ತಿದ್ದಾರಂತೆ, ಗಾರೆಯವರು ಇದರ ಮೇಲೆ ನಿಂತು ಕೆಲಸ ಮಾಡಿರಬೇಕು ಅಂದರು. ಹೇಳಿ, ಆಟೋದವನ ಜೊತೆ ಮಾತಾಡ್ತಾ ಹೊರಗೆ ಹೋದರು. ನಾನು ತೊಲೆ ಮಗುಚಿ ನೋಡಿದೆ. ಇನ್ನೊಂದು ಮುಖ ಚೊಕ್ಕವಾಗಿತ್ತು. ಹಾಗಾದರೆ ಸಿಮೆಂಟಿನ ಮುಖ ಕೆಳಗೆ ಮಾಡೋದು, ಕೂರೋರಿಗೇನು ಕಾಣುತ್ತೆ ಅಂದುಕೊಂಡೆ.

ಪಕ್ಕದ ಬೀದಿಯಿಂದ ಇಬ್ಬರು ಎಳೆಯುವ ದೊಡ್ಡ ಗರಗಸ ಕೇಳಿ ತಂದೆ. ನನ್ನ ಲೆಕ್ಕ ಸರಳ. ತೊಲೆಯ ಎರಡೂ ತುದಿ ಕೊಯ್ದು ತೆಗೆದರೆ ಅವೇ ಎರಡು ಕಾಲು. ನಡುವಿನದು ಕೂರೋ ಹಲಗೆ. ಕಬ್ಬಿಣದ ಪಟ್ಟಿ ಇಟ್ಟು ಸ್ಕ್ರೂ ಹಾಕಿ ಬಿಗಿದರೆ ಮುಗೀತು. ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಬ್ಲೌಸಿಗೆ ಎಳೆಯೋ ಹಾಗೆ. ಆ ಕಡೆ ನಮ್ಮನೆಯವರು, ಈ ಕಡೆ ನಾನು.

"ನೀವು ಎಳೀರಿ, ನಾನು ಬಿಡ್ತೀನಿ. ತಳ್ಳಬೇಡ್ರೀ, ಎಳೀರಿ ಅಂದ್ರೆ! ಎಷ್ಟು ಸಲ ಹೇಳೋದು?"

ಬೇರೆ ದಿನ ಆಗಿದ್ದರೆ "ನೀನೇ ಎಳ್ಕೋ ತಾಯಿ" ಅಂತ ಎದ್ದು ಹೋಗೋರು. ಅವತ್ತು ತಲೆ ಬಗ್ಗಿಸಿಕೊಂಡು ಎಳೆದರು. ವಯಸ್ಸಾಯಿತು, ಪಾಪ, ಸುಸ್ತು ಅಂದುಕೊಂಡು ನಾನೇ ಮಜ್ಜಿಗೆ ಮಾಡಿ ಕೊಟ್ಟೆ. ಒಂದು ತುದಿ ಕೊಯ್ಯುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಆದರೆ ಕೊಯ್ದ ಕಡೆ ಒಳಗಿನ ಮರ ನೋಡಿ ಖುಷಿಯಾಯಿತು. ಕೆಂಪಗೆ, ಗಟ್ಟಿ. ಹೊನ್ನೆ ಮರ. "ಕೊಟ್ಟಿಗೆಗೆ ಹೊನ್ನೆ ಹಾಕಿಸಿದಾರಲ್ರೀ ನಮ್ಮಪ್ಪ! ದನಗಳಿಗೆ ಎಂಥ ರಾಜೋಪಚಾರ!" ಅಂದೆ. ನಮ್ಮನೆಯವರು ಮಜ್ಜಿಗೆ ಲೋಟದೊಳಗೆ ನೋಡ್ತಾ ಇದ್ದರು.

ಇನ್ನೊಂದು ತುದಿಯೂ ಬಿತ್ತು. ಕೀಸುಳಿ ಹಿಡಿದು ಮೇಲ್ಮುಖ ನಯ ಮಾಡಿದೆ. ಮೊದಮೊದಲು ಅದು ಮರಕ್ಕೆ ಕಚ್ಚಿಕೊಂಡು ನಿಲ್ತಿತ್ತು, ಆಮೇಲೆ ಕೈ ಕೂತಿತು. ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಜಗಲಿ ತುಂಬಿತು. ಪಾಲಿಶ್ ಪೇಪರಿನಲ್ಲಿ ತಿಕ್ಕಿದೆ. ಅಳತೆ ಹಿಡಿದು, ತೂತು ಕೊರೆದು, ಸ್ಕ್ರೂ ಬಿಗಿದೆ. ನಿಲ್ಲಿಸಿ ಕೂತು ನೋಡಿದೆ. ಒಂದು ಕಾಲು ಎಳ್ಳಷ್ಟು ಗಿಡ್ಡ. ಅದಕ್ಕೆ ರಬ್ಬರ್ ಚೂರು ಅಂಟಿಸಿದೆ. ಮತ್ತೆ ಕೂತೆ. ಅಲ್ಲಾಡಲಿಲ್ಲ. ಅಬ್ಬಾ, ಆ ಸಂತೋಷ! ಆಚಾರ್ರ ಮನೆ ಮುಂದೆ ತಲೆ ಮೇಲೆ ಹೊತ್ತು ಮೆರವಣಿಗೆ ಹೋಗಬೇಕು ಅನ್ನಿಸಿತು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಕೈ ಮುಗಿಯೋ ಚಿತ್ರ ಕಳಿಸಿದ.

ಕೊನೆಗೆ ಉಳಿದಿದ್ದು ಗೆದ್ದಲಿಗೆ ಎಣ್ಣೆ ಬಳಿಯೋದು. ಅದು ಅಡಿಭಾಗಕ್ಕೇ ಮುಖ್ಯ. ಸಿಮೆಂಟು ಎಬ್ಬಿಸದೆ ಎಣ್ಣೆ ಹೀರಲ್ಲ ಅಂತ, ಮರುದಿನ ಬೆಳಗ್ಗೆ ತಿಂಡಿ ಆದ ಮೇಲೆ ಬೆಂಚು ತಲೆಕೆಳಗೆ ಮಾಡಿ, ಉಳಿ ಸುತ್ತಿಗೆ ಹಿಡಿದು ಕೂತೆ. ಸಿಮೆಂಟು ಬಿಲ್ಲೆ ಬಿಲ್ಲೆಯಾಗಿ ಏಳ್ತಾ ಬಂತು. ಒಂದು ಬಿಲ್ಲೆಯ ಕೆಳಗೆ ಹಳದಿ ಕಂಡಿತು.

ಕೊಟ್ಟಿಗೆ ಮರಕ್ಕೆ ಹಳದಿ ಬಣ್ಣ ಯಾರು ಹೊಡೀತಾರೆ? ಇನ್ನೊಂದು ಬಿಲ್ಲೆ ಎಬ್ಬಿಸಿದೆ. ಹಳದಿಯ ಮೇಲೆ ಕೆಂಪು ಚುಕ್ಕಿ. ಅದರ ಪಕ್ಕ ಇನ್ನೊಂದು. ಉಳಿ ಕೆಳಗಿಟ್ಟು ಉಗುರಿನಿಂದಲೇ ಕೆರೆಯೋಕೆ ಶುರು ಮಾಡಿದೆ. ಬೆರಳು ಒಂದು ಕಡೆ ತಗ್ಗಿಗೆ ಇಳಿಯಿತು. ಅದರೊಳಗಿನ ಸಿಮೆಂಟು ಒಂದೇ ಗಟ್ಟಿಯಾಗಿ, ಅಚ್ಚು ಬಿಟ್ಟ ಹಾಗೆ ಎದ್ದು ಬಂತು. ಹೆಬ್ಬೆರಳು ಇಟ್ಟೆ. ಸರಿಯಾಗಿ ಕೂತಿತು.

ಕಾಲು ಮಾಡಿದ್ದೆನಲ್ಲ, ಆ ತುಂಡಿನ ಸಿಮೆಂಟೂ ಎಬ್ಬಿಸಿದೆ. ನಮ್ಮ ಹಳೇ ಬಾಗಿಲಿಗೆ ಕೀಲು ಇರಲಿಲ್ಲ, ಬಾಗಿಲ ಕೆಳಗಿನ ಗೂಟ ಹೊಸ್ತಿಲ ಗುಣಿಯಲ್ಲಿ ಕೂತು ತಿರುಗ್ತಿತ್ತು. ಆ ಗುಣಿ ಬಟ್ಟಲಿನಂತೆ ಸವೆದು ನುಣ್ಣಗಿತ್ತು. ಅದೀಗ ಬೆಂಚಿನ ಕಾಲಿನಲ್ಲಿತ್ತು. ನಾನೇ ಗೆರೆ ಎಳೆದು, ನಾನೇ ಗರಗಸ ಹಾಕಿದ್ದೆ.

"ರೀ, ಬನ್ನಿ ಇಲ್ಲಿ."

ನಮ್ಮನೆಯವರು ಪೇಪರ್ ಹಿಡಿದುಕೊಂಡೇ ಬಂದರು.

"ಏನಿದು?"

"ಏನೋ ಬಣ್ಣ ಕಣೇ."

"ಮೂವತ್ತು ವರ್ಷ ಇದನ್ನ ದಾಟಿ ಹೋಗಿ ಊಟ ಮಾಡಿ ಬಂದೀರಲ್ರೀ. ನಮ್ಮವ್ವ ಇದರ ಒಳಗೆ ನಿಂತು ನಿಮ್ಮ ಕಾಲಿಗೆ ನೀರು ಕೊಟ್ಟಿದಾಳೆ. ಗುರುತು ಸಿಗಲಿಲ್ವಾ?"

ಅವರು ಬಗ್ಗಿ ನೋಡಿದರು. ನಿಜ ಹೇಳ್ತೀನಿ, ಅವರಿಗೆ ಗುರುತು ಸಿಕ್ಕಿರಲಿಲ್ಲ. ಮುಖ ನೋಡಿದರೇ ಗೊತ್ತಾಗ್ತಿತ್ತು. ಗಂಡಸರು ಹೊಸ್ತಿಲು ದಾಟ್ತಾರೆ, ನೋಡಲ್ಲ. ಒರೆಸೋರು ಬಗ್ಗೋರು ನಾವು. ಆದರೆ ಗಾಬರಿಯಲ್ಲಿ ಅವರ ಬಾಯಿಂದ ಬಂದ ಮಾತು, "ಹೊಸ್ತಿಲು ಅಂತ ನನಗೆ ಗೊತ್ತಿರ್ಲಿಲ್ಲ ಕಣೇ, ದೇವರಾಣೆ. ಮನೆ ಮರ ಅಂತ ಅಷ್ಟೇ ಗೊತ್ತಿತ್ತು."

ಮನೆ ಮರ. ಕೊಟ್ಟಿಗೆ ಮರ ಅಲ್ಲ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ನಾನು ಎಳೀಲಿಲ್ಲ, ಸುಮ್ಮನೆ ನೋಡ್ತಾ ನಿಂತೆ, ಅವರೇ ಹೇಳಿದರು. ಮನೆ ಬಿಚ್ಚಿ ತಿಂಗಳುಗಳಾಗಿವೆ. ಜೆಸಿಬಿ ತರಿಸಿ ಒಂದೇ ಬೆಳಗ್ಗೆ ಕೆಡವಿದರಂತೆ. ಹೊಸ ಮನೆ ಛಾವಣಿ ಮಟ್ಟಕ್ಕೆ ಬಂದಿದೆ. ಮೈ ಹುಷಾರಿಲ್ಲದ ಸ್ನೇಹಿತ ಅನ್ನೋದು ಸುಳ್ಳು. ಅವತ್ತು ಇವರು ಹೋಗಿದ್ದು ನಮ್ಮ ತವರಿನ ಗುದ್ದಲಿ ಪೂಜೆಗೆ. ನಾನು ಕಣ್ಣಿಗೊತ್ತಿಕೊಂಡು ತಿಂದ ಸಜ್ಜಿಗೆ ಅಲ್ಲಿಯದು. ನಮ್ಮವ್ವನ ಮನೆ ಕೆಡವಿ ನೆಲ ಅಗೆದ ದಿನದ ಸಿಹಿ. ಅದನ್ನ ಚೆನ್ನಾಗಿದೆ ಅಂತ ಚಪ್ಪರಿಸಿ, ಬೀದಿಗೆಲ್ಲ ಹಂಚಿದ್ದೆನಲ್ಲ ನಾನು!

"ಯಾಕ್ರೀ?" ಅಂದೆ. ಒಂದೇ ಮಾತು.

"ನೀನು ಅಳ್ತೀಯ ಅಂತ. ಶುಭಕಾರ್ಯದಲ್ಲಿ ಕಣ್ಣೀರು ಬೇಡ ಅಂತ ನಿಮ್ಮಣ್ಣ..." ಅಂತ ಶುರು ಮಾಡಿ ತಡವರಿಸಿದರು. "ಅದೂ ಅಲ್ದೆ, ಈಗಿನ ಕಾಲದಲ್ಲಿ ಹೆಣ್ಮಕ್ಕಳು ಬಂದು ನಿಂತು ಪಾಲು ಕೇಳಿದ್ರೆ ಕೆಲಸ ನಿಂತೋಗುತ್ತೆ ಅಂತ ಯಾರೋ ಅವನ ತಲೆಗೆ ತುಂಬಿದ್ರಂತೆ. ನಾನು ಹೇಳ್ದೆ, ಅವಳು ಅಂಥವಳಲ್ಲ ಅಂತ. ಆದ್ರೂ ಅವನ ಸಮಾಧಾನಕ್ಕೆ..."

ಅವನ ಸಮಾಧಾನಕ್ಕೆ! ನಾನು ಕೇಳಿದ್ದು ಚಿಟಿಕೆ ಅರಿಶಿನ ಇಡೋಕೆ ಒಂದು ಗಳಿಗೆ. ಅದಕ್ಕೆ ಕಳ್ಳಿಯ ಹಾಗೆ ನನ್ನನ್ನು ದೂರ ಇಟ್ಟು ಕೆಲಸ ಮುಗಿಸಿದರಲ್ಲ. ಒಬ್ಬ ಒಡಹುಟ್ಟಿದವನು, ಇನ್ನೊಬ್ಬರು ಕಟ್ಟಿಕೊಂಡವರು. ಇಬ್ಬರೂ ಕೂಡಿಕೊಂಡು ಎಲೆ ಮುಂದೆ ಕೂತು ಉಂಡೆದ್ದಿದ್ದಾರೆ. ಇವರಂತೂ ಮನೆಗೆ ಬಂದು ಕೈ ತೊಳೆದು, ನನ್ನ ಎದುರಿಗೆ ಗರಗಸದ ಆ ತುದಿ ಹಿಡಿದಿದ್ದಾರೆ. ಸುತ್ತಿಗೆ ಎತ್ತಿ ಅಂಗಳಕ್ಕೆ ಬಿಸಾಕಿದೆ. ಅದು ತುಳಸಿಕಟ್ಟೆಗೆ ಬಡಿದು ಚೂರು ಗಾರೆ ಕಿತ್ತುಹೋಯಿತು. ಈಗಲೂ ಹಾಗೇ ಇದೆ, ಮೆತ್ತಿಸಿಲ್ಲ.

ಫೋನ್ ಕೈಗೆ ತಗೊಂಡೆ. ಅಣ್ಣನ ನಂಬರ್ ತೆಗೆದೆ. ಮತ್ತೆ ಇಟ್ಟೆ. ಅವನೇ ಬಂದು ಹೇಳಲಿ ಅನ್ನಿಸಿತು. ಮನೆ ಒಕ್ಕಲಾಗೋಕೆ ಮುಂಚೆ ತಂಗಿಯನ್ನ ಕರೆಯೋಕೆ ಬರಲೇಬೇಕಲ್ಲ. ಬಂದು, ತಪ್ಪಾಯ್ತು ಕಣೇ, ನಿನ್ನ ಕರೀದೆ ಕೆಡವಿದೆ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಅತ್ತು ಮುಗಿಸಿ ಹೊಸ ಮನೆಗೆ ಹೋಗ್ತೀನಿ ಅಂತ ನನಗೆ ನಾನೇ ಹೇಳಿಕೊಂಡೆ. ನಮ್ಮನೆಯವರಿಗೆ ಮಾತ್ರ ಖಡಾಖಂಡಿತ ಹೇಳಿದೆ, "ನನಗೆ ಗೊತ್ತಾಗಿದೆ ಅಂತ ಅವನಿಗೆ ಹೇಳಿದ್ರೆ ನೋಡಿ. ಇಷ್ಟು ದಿನ ಅವನ ಪರವಾಗಿ ಬಾಯಿ ಮುಚ್ಕೊಂಡಿದ್ರಲ್ಲ, ಈಗ ಸ್ವಲ್ಪ ದಿನ ನನ್ನ ಪರವಾಗಿ ಮುಚ್ಕೊಂಡಿರಿ." ಅವರು ಹಾಗೇ ಇದ್ದರು. ಮನೆಯಲ್ಲಿ ಮಾತು ಉಪ್ಪು, ಸಾರು, ಗ್ಯಾಸು ಇಷ್ಟಕ್ಕೇ ನಿಂತಿತು.

ಬೆಂಚನ್ನು ಎತ್ತಿ ನಿಲ್ಲಿಸಿ ಜಗಲಿಯ ಮೂಲೆಗೆ ಸರಿಸಿದೆ. ನಾನು ಕೂರಲಿಲ್ಲ. ಬಂದವರು ಕೂರೋಕೆ ಹೋದರೆ ಎಣ್ಣೆ ಆರಿಲ್ಲ ಅಂತಿದ್ದೆ. ಎಣ್ಣೆ ಬಳಿದೇ ಇರಲಿಲ್ಲ.

ಅಣ್ಣ ಅತ್ತಿಗೆ ಬಂದದ್ದು ಬಿಸಿಲು ಜೋರಾದ ಮೇಲೆ, ಒಂದು ಮಧ್ಯಾಹ್ನ. ಹೊಸ ಬೈಕು, ಅತ್ತಿಗೆ ಕೈಯಲ್ಲಿ ಕುಂಕುಮದ ಬಟ್ಟಲು, ಚೀಲದಲ್ಲಿ ಗೃಹಪ್ರವೇಶದ ಕಾರ್ಡುಗಳು. ನಾನು ನೀರು ತರೋಕೆ ಒಳಗೆ ಹೋಗಿ ಬರೋದರಲ್ಲಿ ಅಣ್ಣ ಬೆಂಚು ಎಳೆದುಕೊಂಡು ಕೂತು ಬೂಟು ಬಿಚ್ಚುತ್ತಿದ್ದ. ಬೇಡ ಅನ್ನೋಕೆ ಬಾಯಿ ತೆರೆದೆ. ಬೇಡ ಅನ್ನಲಿಲ್ಲ. ಮಂಡಕ್ಕಿ ಕಲಸಿ ತಂದೆ, ಟೀ ಕೊಟ್ಟೆ. ಅವನು ಬೆಂಚಿನ ಮೇಲೆ ಕೈ ಸವರಿದ.

"ಗಟ್ಟಿ ಮಾಡಿದೀಯಲ್ಲೇ! ನನ್ನ ಭಾರಕ್ಕೂ ಜಗ್ಗಲ್ಲ."

"ಮರ ಗಟ್ಟಿ ಅಣ್ಣಾ."

ಟೀ ಮುಗಿಸಿ ಗಂಟಲು ಸರಿಮಾಡಿಕೊಂಡ. "ತಂಗೀ, ಮನೆ ಕಟ್ಟಿಸಿದೀನಿ. ನಿನಗೆ ಮೊದಲೇ ಹೇಳಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಒಂದೇ ಸಲ ಕರ್ಕೊಂಡ್ಹೋಗಿ ತೋರಿಸೋಣ, ಸರ್‌ಪ್ರೈಸ್ ಆಗ್ಲಿ ಅಂತ."

ಸರ್‌ಪ್ರೈಸ್. ಅಷ್ಟು ದಿನ ನಾನು ಕಾದಿದ್ದು ಈ ಮಾತಿಗೆ. ಇನ್ನೂ ಒಂದು ಅವಕಾಶ ಕೊಡೋಣ ಅಂತ ಕೇಳಿದೆ, "ಹಳೇ ಮನೆ ಬಿಚ್ಚೋವಾಗ ನನ್ನ ಕರೀತೀನಿ ಅಂದಿದ್ಯಲ್ಲ."

"ಅಯ್ಯೋ, ಜೆಸಿಬಿಯವನು ಅವತ್ತೇ ಸಿಕ್ಕ ಮಾರಾಯ್ತಿ. ಬಿಟ್ರೆ ಮತ್ತೆ ಸಿಗಲ್ಲ. ಎಲ್ಲಾ ಗಡಿಬಿಡಿ."

"ಹೊಸ್ತಿಲು ಎಲ್ಲಿ ಅಣ್ಣಾ?"

"ಯಾವ ಹೊಸ್ತಿಲು?" ಅಂದ. ನಿಜವಾಗಿಯೂ ಅರ್ಥ ಆಗದೆ ಕೇಳಿದ, ಅದೇ ನನ್ನನ್ನು ಸುಟ್ಟಿದ್ದು. ಆಮೇಲೆ ನೆನಪಾಯಿತೇನೋ. "ಓ, ಅದಾ? ಅಲ್ಲೇ ಮರದ ರಾಶೀಲಿ ಇರುತ್ತೆ. ಬೇಕಾ? ಹುಡುಕ್ಸಿ ಕಳಿಸ್ತೀನಿ ಬಿಡು."

"ಕಳಿಸಿದೀಯ. ಅದರ ಮೇಲೇ ಕೂತಿದೀಯ."

ಅವನು ನಕ್ಕ. ನಾನು ನಗಲಿಲ್ಲ. ಅತ್ತಿಗೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, "ಏಳ್ರೀ! ಏಳ್ರೀ ಮೇಲೆ!" ಅಂತ ಗಂಡನ ತೋಳು ಹಿಡಿದು ಎಬ್ಬಿಸಿದಳು. ಅವನು ಎದ್ದು ನಿಂತ. ನಾನು ಬೆಂಚು ಮಗುಚಿ ಹಾಕಿದೆ. ಹಳದಿ, ಕೆಂಪು ಚುಕ್ಕಿ, ಮಧ್ಯೆ ಆ ತಗ್ಗು. ಅಣ್ಣ ಬಗ್ಗಿ, ನನ್ನ ಹಾಗೇ, ಹೆಬ್ಬೆರಳು ತಗ್ಗಿಗೆ ಇಟ್ಟ. ಇಟ್ಟವನು ತೆಗೆಯಲಿಲ್ಲ. ಬಾದಾಮಿ ಕಾಯಿ ತಂದವನು ಅವನೇ ಅಲ್ವಾ, ಅದು ಅವನಿಗೆ ಮರೆತಿರಲಿಲ್ಲ. ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು.

"ಕೊಡು ತಂಗೀ," ಅಂದ ಅಣ್ಣ ಕೊನೆಗೆ. "ಹೊಸ ಮನೆ ಬಾಗಿಲು ಇನ್ನೂ ಕೂರಿಸಿಲ್ಲ. ಇದನ್ನೇ ಹಾಕಿಸ್ತೀನಿ. ನೀನೇ ಬಂದು ಪೂಜೆ ಮಾಡು."

ಆ ಕ್ಷಣ ಒಂದು ಸಲ ನನಗೂ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ. ಹುಟ್ಟಿದ ಕೂಡಲೇ ಬೆಂಚಿನ ಕಾಲುಗಳು ಕಂಡವು.

"ಅಳತೆ ಸಾಲಲ್ಲ ಅಣ್ಣಾ. ಎರಡೂ ಕಡೆ ಕೊಯ್ದುಬಿಟ್ಟಿದೀನಿ. ಕೊಟ್ಟಿಗೆ ಮರ ಅಂತ ಹೇಳಿದ್ಯಲ್ಲ. ಆ ಕಡೆ ಗರಗಸ ಹಿಡಿದಿದ್ದು ನಿನ್ನ ಭಾವ."

ಅವನು ನೆಲ ನೋಡಿದ. ತಪ್ಪಾಯ್ತು ಅನ್ನೋ ಮಾತು ಆಗಲೂ ಬರಲಿಲ್ಲ. ಜೆಸಿಬಿ, ಗಡಿಬಿಡಿ, ಯಾರೋ ಹೇಳಿದರು, ಇವೇ ತಿರುಗಿ ತಿರುಗಿ ಬಂದವು. ಹೊರಡುವಾಗ ಅತ್ತಿಗೆ ಅಳುತ್ತಲೇ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಕುಂಕುಮ ಬೇಡ ಅನ್ನೋ ಹಾಗಿಲ್ಲ. ಹಣೆಗೆ ಇಟ್ಟುಕೊಂಡೆ. ಇನ್ನೊಂದು ಚಿಟಿಕೆ ತೆಗೆದು ಬೆಂಚಿನ ಆ ತಗ್ಗಿಗೆ ಇಟ್ಟೆ. "ಹಳೇ ಮನೆಗೆ ಕರೀಲಿಲ್ಲ. ಹೊಸದಕ್ಕೆ ಕರೀಬೇಡ" ಅಂದೆ. ಅಣ್ಣ ಬೈಕು ಹತ್ತಿದ. ಕಾರ್ಡು ಜಗಲಿ ಮೇಲೇ ಬಿಟ್ಟು ಹೋದ.

ನಾನು ಹೋಗಲಿಲ್ಲ. ನಮ್ಮನೆಯವರು ಹೋಗಿ ಬಂದರು. ಊಟ ಚೆನ್ನಾಗಿತ್ತಂತೆ. ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಈ ಸಲ ಸಿಹಿ ತರಲಿಲ್ಲ.

ಅವರು ಹೋದ ದಿನವೇ ನಾನು ಸ್ಕ್ರೂ ಎಲ್ಲ ಬಿಚ್ಚಿ, ಹಲಗೆ ತಿರುಗಿಸಿ, ಹಳದಿ ಮುಖ ಮೇಲೆ ಮಾಡಿ ಮತ್ತೆ ಬಿಗಿದೆ. ಉಳಿದ ಸಿಮೆಂಟನ್ನೂ ಬಿಡಿಸಿದೆ. ಈ ಮುಖ ನಡುವೆ ಸವೆದಿದೆ. ಎಷ್ಟು ಜನರ ಕಾಲು ದಾಟಿದೆಯೋ. ಬೀದಿಯವರು ಬಂದರೆ ಬೆಂಚಿನ ಮೇಲೆ ಯಾಕೆ ಅರಿಶಿನದ ಬಣ್ಣ ಅಂತ ಕೇಳ್ತಾರೆ, ಕೂರದೆ ನೆಲಕ್ಕೆ ಕೂರ್ತಾರೆ. ನಮ್ಮನೆಯವರು ಅದರ ಹತ್ತಿರ ಬರಲ್ಲ, ನಿಂತುಕೊಂಡೇ ಚಪ್ಪಲಿ ಹಾಕ್ಕೋತಾರೆ. ಹಾಕ್ಕೊಳ್ಳಲಿ.

ನಾನು ಮಾತ್ರ ದಿನಾ ಸಂಜೆ ಕೂರ್ತೀನಿ. ಹೊಸ್ತಿಲ ಮೇಲೆ ಕೂರಬಾರದು ಅನ್ನೋದು ನನಗೆ ಗೊತ್ತಿಲ್ಲ ಅಂತಲ್ಲ. ಕೂತಾಗೆಲ್ಲ ಒಳಗಿಂದ ಅವ್ವನ ಗಂಟಲು ಕೇಳ್ತಿತ್ತಲ್ಲ, ಏಳೇ ಮೇಲೆ ಅಂತ. ಕರೆಯೋಕೆ ಅಂತೂ ಯಾರೂ ಬರಲಿಲ್ಲ, ಬೈಯೋಕಾದರೂ ಅವಳು ಬರಲಿ ಅಂತ ಕೂತಿರ್ತೀನಿ.